ಒಮ್ಮೆ ಬರೆದಿಟ್ಟ ಉತ್ತರ



ಮನುಷ್ಯನು ಮತ್ತೆ ಮತ್ತೆ ಮಾಡಬೇಕಾಗಿ ಬರುವ ಕೆಲಸಗಳಲ್ಲಿ ಎರಡು ಬಗೆಯುಂಟು. ಮಾಡಿದಷ್ಟೂ ಮಾಡುವವನನ್ನು ಬೆಳೆಸುವ ಕೆಲಸ ಒಂದು. ಗಾಯಕನ ಸ್ವರಸಾಧನೆ, ವಿದ್ಯಾರ್ಥಿಯ ಪಾಠಾಭ್ಯಾಸ, ನೇಕಾರನ ಕೈಯ ಪಳಗಿಕೆ ಇವೆಲ್ಲ ಆ ಜಾತಿಗೆ ಸೇರಿದವು. ಮೂರು ನಾಲ್ಕು ಸಲ ಮಾಡಿದ ತರುವಾಯ ಹೊಸದೇನನ್ನೂ ಕಲಿಸದೆ ಆಯುಷ್ಯವನ್ನು ಮಾತ್ರ ಸವೆಸುವ ಕೆಲಸ ಇನ್ನೊಂದು. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಿದರೆ ಮನುಷ್ಯನು ಬಡವನಾಗುತ್ತಾನೆ. ಎರಡನೆಯದನ್ನು ಒಪ್ಪಿಸದೆ ಹಿಡಿದುಕೊಂಡರೆ ಬಳಲುತ್ತಾನೆ. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವುದೇ ವಿವೇಕ. ಈ ವಿವೇಕವನ್ನು ನಮಗೆ ಇತ್ತೀಚೆಗೆ ಮನಗಾಣಿಸಿದ ಒಂದು ಸಣ್ಣ ಲೌಕಿಕ ವಿಷಯವನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡಬಯಸುತ್ತೇವೆ. ವಿಷಯವು ಗಣಕಯಂತ್ರಕ್ಕೆ ಸಂಬಂಧಿಸಿದ್ದಾದರೂ, ಆ ಯಂತ್ರವನ್ನು ಮುಟ್ಟದವರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇವೆ.

ಅಂಗಡಿಯಿಂದ ತಂದ ಗಣಕಯಂತ್ರವು ತಾನಾಗಿಯೇ ಏನನ್ನೂ ಮಾಡಲಾರದು. ಅದರ ಕೀಲಿಮಣೆ, ಪರದೆ, ನೆನಪಿನ ಭಂಡಾರ ಇವೆಲ್ಲವನ್ನೂ ಒಂದು ಆಡಳಿತಕ್ಕೆ ಒಳಪಡಿಸಿ ನಡೆಸುವ ಮೂಲ ತಂತ್ರಾಂಶವೊಂದು ಬೇಕು. ಅದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್ ಎಂಬ ಹೆಸರುಗಳನ್ನು ತಾವು ಕೇಳಿಯೇ ಇದ್ದೀರಿ. ಈ ತಂತ್ರಾಂಶವು ಕೆಟ್ಟರೆ, ವೈರಸ್ ತಗುಲಿ ನಿಧಾನವಾದರೆ ಅಥವಾ ಹಳತಾಗಿ ರಕ್ಷಣೆ ತಪ್ಪಿದರೆ ಅದನ್ನು ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ‘ಸಿಸ್ಟಂ ಫಾರ್ಮ್ಯಾಟ್ ಮಾಡಿಸುವುದು’ ಎಂಬ ಮಾತು ರೂಢಿಯಲ್ಲಿದೆ.

ಹಾಗೆ ಹೊಸದಾಗಿ ಹಾಕುವಾಗ ಯಂತ್ರವು ಮುಂದೆ ಕುಳಿತವನನ್ನು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ. ಯಾವ ಭಾಷೆ? ಯಾವ ಕೀಲಿಮಣೆ? ಯಾವ ದೇಶದ ಸಮಯ? ಈ ಯಂತ್ರದ ಹೆಸರೇನು? ಡಿಸ್ಕನ್ನು ಎಷ್ಟು ಪಾಲು ಮಾಡಬೇಕು? ಅದರಲ್ಲಿರುವುದನ್ನೆಲ್ಲ ಅಳಿಸಬಹುದೇ? ಬಳಕೆದಾರನ ಹೆಸರೇನು, ಗುಪ್ತಪದವೇನು? ಯಾವ ಯಾವ ತಂತ್ರಾಂಶಗಳು ಬೇಕು? ಈ ಪ್ರಶ್ನೆಗಳು ಒಟ್ಟಿಗೆ ಬಂದರೆ ಐದು ನಿಮಿಷದಲ್ಲಿ ಉತ್ತರಿಸಿ ಎದ್ದುಹೋಗಬಹುದು. ಆದರೆ ಅವು ಬಿಡಿಬಿಡಿಯಾಗಿ ಬರುತ್ತವೆ. ಒಂದು ಪ್ರಶ್ನೆ ಕೇಳಿ ಹತ್ತು ನಿಮಿಷ ತನ್ನ ಪಾಡಿಗೆ ಕೆಲಸ ಮಾಡಿ, ಮತ್ತೊಂದು ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಸುಮ್ಮನೆ ಕಾಯುತ್ತದೆ. ಆದಕಾರಣ ಮನುಷ್ಯನು ಅದರ ಮುಂದೆ ಕಾವಲು ಕುಳಿತಿರಬೇಕು.

ನಮ್ಮ ವಿದ್ಯಾಸಂಸ್ಥೆಯ ಪ್ರಯೋಗಶಾಲೆಯಲ್ಲಿ 40 ಗಣಕಯಂತ್ರಗಳಿವೆ. ಒಂದೊಂದಕ್ಕೆ 50 ನಿಮಿಷವೆಂದು ಹಿಡಿದರೆ ಒಟ್ಟು 2000 ನಿಮಿಷ, ಅಂದರೆ 33 ಗಂಟೆಗೂ ಮೀರಿದ ಕೆಲಸ. ಒಬ್ಬನೇ ನಾಲ್ಕೈದು ಯಂತ್ರಗಳನ್ನು ಏಕಕಾಲಕ್ಕೆ ನೋಡಿಕೊಳ್ಳಬಹುದು, ನಿಜ. ಆದರೆ ಯಾವ ಯಂತ್ರ ಯಾವ ಪ್ರಶ್ನೆಯ ಬಳಿ ನಿಂತಿದೆ ಎಂಬ ಗೊಂದಲವು ಆಗ ಪ್ರಾರಂಭವಾಗುತ್ತದೆ. ದಣಿದ ಕೈ ತಪ್ಪುತ್ತದೆ. ಹದಿನೇಳನೆಯ ಯಂತ್ರದಲ್ಲಿ ಗಡಿಯಾರವು ಬೇರೆ ದೇಶದ ಸಮಯವನ್ನು ತೋರಿಸುತ್ತದೆ. ಇಪ್ಪತ್ತಮೂರನೆಯದರಲ್ಲಿ ಕನ್ನಡದ ಅಕ್ಷರಗಳಿಗೆ ಬದಲಾಗಿ ಖಾಲಿ ಚೌಕಗಳು ಮೂಡುತ್ತವೆ. ಮೂವತ್ತೊಂದನೆಯದರ ಗುಪ್ತಪದವು ಯಾರಿಗೂ ತಿಳಿಯದು. ಪ್ರಾಯೋಗಿಕ ಪರೀಕ್ಷೆಯ ದಿನ ಆ ಯಂತ್ರದ ಮುಂದೆ ಕುಳಿತ ಮಗುವಿಗೆ ತನ್ನ ಪಾಲಿಗೆ ಬಂದ ದೋಷ ಯಾರದೆಂದು ಗೊತ್ತಾಗುವುದಿಲ್ಲ. ತನ್ನದೇ ತಪ್ಪೆಂದು ತಿಳಿದು ಕಣ್ಣೀರಿಡುವ ಮಕ್ಕಳೂ ಉಂಟು.

ಈ ಕೆಲಸಕ್ಕಾಗಿ ತಾಲ್ಲೂಕು ಕೇಂದ್ರದಿಂದ ಒಬ್ಬ ತಂತ್ರಜ್ಞನು ಬರುತ್ತಿದ್ದನು. ಸಜ್ಜನ, ಶ್ರಮಜೀವಿ. ಆದರೆ ಸುತ್ತಲಿನ ಅನೇಕ ಶಾಲೆ, ಸೊಸೈಟಿ, ಅಂಗಡಿಗಳಿಗೆಲ್ಲ ಅವನೊಬ್ಬನೇ. ಒಂದು ಸಲ ಕರೆದರೆ ಹದಿನೈದು ದಿನಕ್ಕೆ ಬರುವನು. ಅಷ್ಟರಲ್ಲಿ ಇನ್ನೆರಡು ಯಂತ್ರಗಳು ಕೆಟ್ಟಿರುತ್ತಿದ್ದವು. ಅವನು ಮಾಡಿದ ವ್ಯವಸ್ಥೆ ಹೇಗಿದೆ, ಏಕೆ ಹಾಗಿದೆ ಎಂಬುದು ಅವನ ನೆನಪಿನಲ್ಲಿ ಮಾತ್ರ ಇತ್ತು. ಎಲ್ಲಿಯೂ ಬರೆದಿರಲಿಲ್ಲ. ಇದು ಅವನ ದೋಷವಲ್ಲ. ಬರೆದಿಡೆಂದು ಅವನನ್ನು ಕೇಳಿದವರೇ ಇರಲಿಲ್ಲ.

ಇದರ ಮೇಲೆ 2025ರಲ್ಲಿ ಹೊಸದೊಂದು ಸಂಕಟ ಬಂದಿತು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಆ ವರ್ಷದ ಅಕ್ಟೋಬರ್ 14ರಂದು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಹಾಕಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣಾ ಅಂಗವಿರಬೇಕು, ಪ್ರೊಸೆಸರ್ ಕೂಡ ಅವರು ಒಪ್ಪಿದ ಪಟ್ಟಿಯಲ್ಲಿರಬೇಕು. ನಮ್ಮ ಯಂತ್ರಗಳಲ್ಲಿ ಹೆಚ್ಚಿನವು ಇದಕ್ಕಿಂತ ಹಳೆಯವು. ಹಿಂದಿನ ವಿದ್ಯಾರ್ಥಿಗಳು ತಮ್ಮ ಕಚೇರಿಗಳಿಂದ ಕೊಡಿಸಿದ ದಾನದ ಯಂತ್ರಗಳು. ಅವುಗಳ ದೇಹ ಗಟ್ಟಿಯಾಗಿದೆ. ತಂತ್ರಾಂಶಕ್ಕೆ ಮಾತ್ರ ಆಶ್ರಯ ತಪ್ಪಿತು. ಅವನ್ನು ಗುಜರಿಗೆ ಹಾಕಿ ಹೊಸ 40 ಯಂತ್ರ ಕೊಳ್ಳುವ ಶಕ್ತಿ ಗ್ರಾಮೀಣ ಶಾಲೆಗೆ ಎಲ್ಲಿಂದ ಬರಬೇಕು? ಹಾಗೆಯೇ ಬಿಟ್ಟರೆ ಪ್ರಯೋಗಶಾಲೆಯ ಬಾಗಿಲಿಗೆ ಬೀಗ ಬೀಳುತ್ತದೆ. ಮನೆಯಲ್ಲಿ ಗಣಕಯಂತ್ರವಿಲ್ಲದ ಮಕ್ಕಳಿಗೆ ಅದೊಂದೇ ಬಾಗಿಲು. ಅದು ಮುಚ್ಚಿದರೆ ನಗರದ ಮಕ್ಕಳಿಗೂ ಇವರಿಗೂ ನಡುವಿನ ಅಂತರವು ಇನ್ನೊಂದು ತಲೆಮಾರು ಮುಂದುವರಿಯುತ್ತದೆ.

ಆಗ ಪದವಿಪೂರ್ವ ತರಗತಿಯ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಉಪಾಧ್ಯಾಯರೊಡನೆ ಬಂದು, “ಬುದ್ಧಿ, ಲಿನಕ್ಸ್ ಹಾಕಿದರೆ ಈ ಹಳೆಯ ಯಂತ್ರಗಳೇ ಇನ್ನೂ ಕೆಲವು ವರ್ಷ ನಡೆಯುತ್ತವೆ. ಒಂದೊಂದಕ್ಕೂ ಕುಳಿತು ಹಾಕಬೇಕಾಗಿಲ್ಲ. ಉತ್ತರಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟರೆ ಯಂತ್ರ ಅದನ್ನು ಓದಿಕೊಂಡು ತಾನೇ ಹಾಕಿಕೊಳ್ಳುತ್ತದೆ” ಎಂದರು. ನಾವು ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ, ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದವರು. ಗಣಕಶಾಸ್ತ್ರ ನಮ್ಮ ಪಾಠವಾಗಿರಲಿಲ್ಲ. ಆದರೂ ಆ ಮಕ್ಕಳ ಮಾತಿನಲ್ಲಿ ತಿರುಳಿದೆಯೆಂದು ತೋರಿತು. ಬಿಡುವಾದ ಸಂಜೆಗಳಲ್ಲಿ ಅವರೊಡನೆ ಕುಳಿತು ತಿಳಿದುಕೊಂಡೆವು. ಆ ತಿಳಿವಳಿಕೆಯನ್ನೇ ಈಗ ತಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮುಂಚಿತವಾಗಿ ಉತ್ತರ ಬರೆದಿಡುವ ಈ ಉಪಾಯ ಹೊಸದೇನೂ ಅಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ತನ್ನ ಸೋಲಾರಿಸ್ ವ್ಯವಸ್ಥೆಗೆ 1990ರ ದಶಕದಲ್ಲಿಯೇ ಜಂಪ್‌ಸ್ಟಾರ್ಟ್ ಎಂಬ ಇಂತಹ ಏರ್ಪಾಡನ್ನು ಒದಗಿಸಿತ್ತು. ರೆಡ್ ಹ್ಯಾಟ್ ಲಿನಕ್ಸಿನವರು ತಮ್ಮದಕ್ಕೆ ಕಿಕ್‌ಸ್ಟಾರ್ಟ್ ಎಂದು ಹೆಸರಿಟ್ಟರು. ಜರ್ಮನಿಯ ಕೊಲೋನ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಲಾಂಗೆ ಎಂಬವರು 1999ರಲ್ಲಿ ಎಫ್‌ಎಐ ಎಂಬ ಪೂರ್ಣ ಸ್ವಯಂಚಾಲಿತ ಸ್ಥಾಪನೆಯ ಯೋಜನೆಯನ್ನು ಪ್ರಾರಂಭಿಸಿದರು. ವಿಂಡೋಸ್‌ನಲ್ಲಿಯೂ ಇದೇ ಕೆಲಸಕ್ಕೆ ಅನ್‌ಅಟೆಂಡ್ ಎಂಬ ಉತ್ತರಕಡತವುಂಟು. ಉಬುಂಟುವಿನ ಸರ್ವರ್ ಆವೃತ್ತಿಯಲ್ಲಿ 2020ರಿಂದ ಆಟೋಇನ್‌ಸ್ಟಾಲ್ ಎಂಬ ವಿಧಾನವು ಬಂದಿದೆ. ನಮ್ಮ ವಿದ್ಯಾರ್ಥಿನಿಯರು ಆರಿಸಿಕೊಂಡದ್ದು ಡೆಬಿಯನ್. ಅದು 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ಪ್ರಾರಂಭಿಸಿದ, ಇಂದು ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ಸೇರಿ ನಡೆಸುತ್ತಿರುವ ಲಿನಕ್ಸ್ ವ್ಯವಸ್ಥೆ. ಬೆಲೆ ಕೊಡಬೇಕಾಗಿಲ್ಲ, ಎಷ್ಟು ಯಂತ್ರಗಳಿಗೆ ಹಾಕಿದರೂ ಅಡ್ಡಿಯಿಲ್ಲ. ಅಲ್ಲಿ ಉತ್ತರಕಡತಕ್ಕೆ ಪ್ರೀಸೀಡ್ ಎಂದು ಹೆಸರು. ಮುಂಚಿತವಾಗಿಯೇ ಬೀಜ ಹಾಕಿಡುವುದು ಎಂದು ಅದರ ಅರ್ಥ. ಒಕ್ಕಲುತನ ಬಲ್ಲ ನಮ್ಮ ಜನರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕಿಲ್ಲ.

ಇದು ನಡೆಯುವ ಕ್ರಮ ಹೀಗೆ. ಪ್ರಯೋಗಶಾಲೆಯ ಒಂದು ಯಂತ್ರವನ್ನು ಸರ್ವರ್ ಆಗಿ ಮಾಡಿಕೊಳ್ಳುತ್ತಾರೆ. ಉಳಿದವು ತಂತಿಯ ಮೂಲಕ ಅದಕ್ಕೆ ಸೇರಿರುತ್ತವೆ. ಖಾಲಿ ಯಂತ್ರವೊಂದನ್ನು ಚಾಲೂ ಮಾಡಿದಾಗ ಅದರ ನೆಟ್‌ವರ್ಕ್ ಕಾರ್ಡಿನಲ್ಲಿರುವ ಪಿಎಕ್ಸ್‌ಇ ಎಂಬ ಪುಟ್ಟ ತಂತ್ರಾಂಶವು ಎಚ್ಚರಗೊಳ್ಳುತ್ತದೆ. ಇಂಟೆಲ್ ಸಂಸ್ಥೆಯು ರೂಪಿಸಿದ ಈ ಪದ್ಧತಿಯು ಇಂದು ಬಹುಪಾಲು ಯಂತ್ರಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಅದು ಜಾಲದೊಳಕ್ಕೆ ಮೊದಲು ಕೂಗು ಹಾಕುತ್ತದೆ: ನಾನು ಯಾರು, ನನ್ನ ವಿಳಾಸವೇನು, ನಾನು ಓದಬೇಕಾದದ್ದು ಎಲ್ಲಿದೆ? ಡಿಎಚ್‌ಸಿಪಿ ಎಂಬ ಸೇವೆಯು ಅದಕ್ಕೆ ಒಂದು ವಿಳಾಸವನ್ನು ಕೊಟ್ಟು, ಇಂತಹ ಸರ್ವರಿನಲ್ಲಿ ಇಂತಹ ಕಡತವನ್ನು ಓದು ಎಂದು ಹೇಳುತ್ತದೆ. ಯಂತ್ರವು ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಆ ಕಡತವನ್ನು ತರಿಸಿಕೊಂಡು, ಬಳಿಕ ಲಿನಕ್ಸಿನ ಕರ್ನಲ್ಲನ್ನೂ ಸ್ಥಾಪನೆಯ ತಂತ್ರಾಂಶವನ್ನೂ ತರಿಸಿಕೊಳ್ಳುತ್ತದೆ. ಉತ್ತರಕಡತವು ಎಲ್ಲಿದೆಯೆಂಬುದನ್ನು ಕರ್ನಲ್ಲಿಗೆ ಒಂದೇ ಸಾಲಿನಲ್ಲಿ ಹೇಳಿರುತ್ತಾರೆ. ಅಲ್ಲಿಂದ ಮುಂದೆ ಪ್ರಶ್ನೆ ಹುಟ್ಟಿದಾಗಲೆಲ್ಲ ಅದು ಮನುಷ್ಯನ ಮುಖವನ್ನು ನೋಡುವುದಿಲ್ಲ, ಕಡತವನ್ನು ನೋಡುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಉತ್ತರಕಡತವನ್ನು ತರಿಸಿಕೊಳ್ಳಬೇಕಾದರೆ ಮೊದಲು ಜಾಲದ ಸಂಪರ್ಕ ಆಗಬೇಕು. ಭಾಷೆ, ಕೀಲಿಮಣೆಗಳ ಪ್ರಶ್ನೆಗಳಾದರೋ ಅದಕ್ಕಿಂತ ಮೊದಲೇ ಬರುತ್ತವೆ. ಉತ್ತರ ಕೈಗೆ ಸಿಗುವ ಮುನ್ನವೇ ಪ್ರಶ್ನೆ ಬಂದರೆ ಏನು ಗತಿ? ಡೆಬಿಯನ್ನಿನವರು ಇದಕ್ಕಾಗಿ ಆಟೋ ಎಂಬ ಒಂದು ಸೂಚನೆಯನ್ನು ಇಟ್ಟಿದ್ದಾರೆ. ಅದನ್ನು ಕೊಟ್ಟರೆ ಆ ಮೊದಲ ಪ್ರಶ್ನೆಗಳು ಕಡತ ಬರುವವರೆಗೆ ತಡೆದು ನಿಲ್ಲುತ್ತವೆ. ಇದನ್ನು ಕೇಳಿದಾಗ ನಮಗೆ ಪಾಣಿನಿಯ ಅಷ್ಟಾಧ್ಯಾಯಿಯ ನೆನಪಾಯಿತು. ಸುಮಾರು 4000 ಸೂತ್ರಗಳ ಆ ಗ್ರಂಥದಲ್ಲಿ ಸೂತ್ರದ ಅರ್ಥದಷ್ಟೇ ಸೂತ್ರದ ಸ್ಥಾನವೂ ಮುಖ್ಯ. ಯಾವುದು ಮೊದಲು, ಯಾವುದು ನಂತರ, ಯಾವುದು ಯಾವುದನ್ನು ತಡೆಯುತ್ತದೆ ಎಂಬುದನ್ನು ತಿಳಿಯದವನಿಗೆ ಅಲ್ಲಿ ಒಂದು ಪದವೂ ಸಿದ್ಧಿಸುವುದಿಲ್ಲ. ಸ್ಕ್ರಿಪ್ಟ್ ಬರೆಯುವವರೂ ಇದೇ ಶಿಸ್ತನ್ನು ಕಲಿಯಬೇಕು. ಹೇಳಬೇಕಾದ್ದನ್ನು ಬಿಡಬಾರದು, ಹೇಳಬೇಕಿಲ್ಲದ್ದನ್ನು ಸೇರಿಸಬಾರದು, ಕ್ರಮ ತಪ್ಪಬಾರದು.

ಆ ಕಡತವನ್ನು ನಾವು ಕಣ್ಣಾರೆ ಓದಿದೆವು. ಸರಳವಾದ ಸಾಲುಗಳು. ಒಂದು ಸಾಲು ಭಾಷೆಯನ್ನು ಕನ್ನಡವೆಂದೂ ದೇಶವನ್ನು ಭಾರತವೆಂದೂ ಹೇಳುತ್ತದೆ. ಇನ್ನೊಂದು, ಗಡಿಯಾರವನ್ನು ಏಷ್ಯಾದ ಕೋಲ್ಕತ್ತಾ ಸಮಯಕ್ಕೆ ಇಡುತ್ತದೆ. ಭಾರತದ ಸಮಯಕ್ಕೆ ಗಣಕಲೋಕದಲ್ಲಿ ಆ ನಗರದ ಹೆಸರೇ ರೂಢಿ. ಬೇಕಾದ ತಂತ್ರಾಂಶಗಳ ಪಟ್ಟಿಯಲ್ಲಿ ಲಿಬ್ರೆ ಆಫೀಸ್ ಮತ್ತು ಅದರ ಕನ್ನಡ ರೂಪಾಂತರ, ಗುಬ್ಬಿ ಹಾಗೂ ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳು, ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವ ಸಾಧನ ಇವೆಲ್ಲ ಸೇರಿವೆ. ಹಿಂದೆ ಪ್ರತಿ ಯಂತ್ರದಲ್ಲಿಯೂ ಕನ್ನಡವು ಕಟ್ಟಕಡೆಗೆ, ಸಮಯ ಉಳಿದರೆ ಹಾಕುವ ವಸ್ತುವಾಗಿತ್ತು. ಸಮಯವು ಉಳಿಯುತ್ತಲೇ ಇರಲಿಲ್ಲ. ಈಗ ಅದು ಪಟ್ಟಿಯಲ್ಲಿ ಒಂದು ಸಾಲಾಗಿ ಕುಳಿತಿರುವುದರಿಂದ ಯಾರೂ ಮರೆಯುವಂತಿಲ್ಲ. ಕೈ ಮರೆಯುತ್ತದೆ, ಬರಹ ಮರೆಯುವುದಿಲ್ಲ.

ಇನ್ನೊಂದು ಅನುಕೂಲವನ್ನೂ ಅವರು ತೋರಿಸಿದರು. 40 ಯಂತ್ರಗಳೂ ಒಂದೊಂದಾಗಿ ಅಂತರ್ಜಾಲದಿಂದ ಒಂದೂವರೆ ಗಿಗಾಬೈಟಿನಷ್ಟು ತಂತ್ರಾಂಶವನ್ನು ತರಿಸಿಕೊಂಡರೆ ಒಟ್ಟು 60 ಗಿಗಾಬೈಟ್ ಆಗುತ್ತದೆ. ಹಳ್ಳಿಯ ಸಂಪರ್ಕಕ್ಕೆ ಅದು ತಡೆಯದ ಹೊರೆ. ಒಮ್ಮೆ ತಂದದ್ದನ್ನು ಸರ್ವರಿನಲ್ಲಿಯೇ ಕೂಡಿಟ್ಟುಕೊಂಡು ಮಿಕ್ಕವಕ್ಕೆ ಅಲ್ಲಿಂದಲೇ ಬಡಿಸುವ ಏರ್ಪಾಡು ಮಾಡಿದರೆ ಹೊರಗಿನಿಂದ ತರಬೇಕಾದದ್ದು ಆ ಒಂದೂವರೆ ಗಿಗಾಬೈಟ್ ಮಾತ್ರ. ದಾಸೋಹದ ಅಡಿಗೆಮನೆಯಲ್ಲಿ ಒಂದೇ ಕೊಪ್ಪರಿಗೆಯಿಂದ ನೂರು ಎಲೆಗಳಿಗೆ ಬಡಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಹತ್ತು ಹತ್ತು ಯಂತ್ರಗಳ ಪಂಕ್ತಿ ಮಾಡಿ ಕೆಲಸ ನಡೆಸಿದರು. ಎರಡು ದಿನಗಳಲ್ಲಿ ಪ್ರಯೋಗಶಾಲೆ ಸಿದ್ಧವಾಯಿತು. ಇಷ್ಟನ್ನು ಕೇಳಿ ತಾವು ಇದು ಸುಲಭದ ಮಾತೆಂದು ತಿಳಿಯಬಾರದು. ಆ ಎರಡು ದಿನಗಳ ಹಿಂದೆ ಐದು ವಾರಗಳ ಪ್ರಯೋಗವಿತ್ತು. ಅದರಲ್ಲಿ ಕಂಡುಬಂದ ಅಪಾಯಗಳನ್ನು ಹೇಳದೆ ಹೋದರೆ ಈ ಲೇಖನ ಅರ್ಧವಾಗುತ್ತದೆ. ಇಂತಹ ಕೆಲಸಕ್ಕೆ ಕೈಹಾಕುವ ಬೇರೆ ಶಾಲೆಗಳವರು ಇವನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ಅಳಿಸುವ ಅಪಾಯ. ಹೊಸ ವ್ಯವಸ್ಥೆ ಹಾಕುವುದೆಂದರೆ ಡಿಸ್ಕಿನಲ್ಲಿದ್ದುದನ್ನು ಅಳಿಸುವುದು. ಮನುಷ್ಯನು ಮುಂದೆ ಕುಳಿತಿದ್ದಾಗ ಯಂತ್ರವು, ಇದನ್ನೆಲ್ಲ ಅಳಿಸಲೇ ಎಂದು ನಿಲ್ಲಿಸಿ ಕೇಳುತ್ತದೆ. ಡೆಬಿಯನ್ನಿನ ಉತ್ತರಕಡತದಲ್ಲಿ ಆ ಪ್ರಶ್ನೆಗೂ ಪ್ರತ್ಯೇಕ ಸಾಲುಗಳಿವೆ. ಅವುಗಳಲ್ಲಿ ಹೌದು ಎಂದು ಬರೆಯದಿದ್ದರೆ ಯಂತ್ರವು ಆ ಘಟ್ಟದಲ್ಲಿ ನಿಂತು ಕಾಯುತ್ತದೆ. ಹೌದು ಎಂದು ಒಮ್ಮೆ ಬರೆದರೆ 40 ಯಂತ್ರಗಳಿಗೂ ಅದು ಹೌದೇ. ಒಬ್ಬ ಉಪಾಧ್ಯಾಯರು ಹತ್ತು ವರ್ಷಗಳ ಪ್ರಶ್ನಪತ್ರಿಕೆಗಳನ್ನು ಆ ಯಂತ್ರಗಳಲ್ಲೊಂದರಲ್ಲಿ ಇಟ್ಟಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ವಿದ್ಯಾರ್ಥಿನಿಯರು ಒಂದು ವಾರ ಮುಂಚಿತವಾಗಿ ಸೂಚನಾಫಲಕದಲ್ಲಿ ಬರೆದು, ಪ್ರತಿ ಯಂತ್ರದ ಕಡತಗಳನ್ನೂ ಬೇರೆಡೆಗೆ ನಕಲು ಮಾಡಿ, ನಕಲಾದ ಯಂತ್ರಕ್ಕೆ ಮಾತ್ರ ಬಿಳಿಯ ಚೀಟಿ ಅಂಟಿಸಿದರು. ಚೀಟಿಯಿಲ್ಲದ ಯಂತ್ರವನ್ನು ತಂತಿಗೆ ಸೇರಿಸಕೂಡದೆಂಬುದು ಅವರೇ ಮಾಡಿಕೊಂಡ ಕಟ್ಟಳೆ.

ಎರಡನೆಯದು, ಡಿಸ್ಕಿನ ಹೆಸರಿನ ಗೊಂದಲ. ಹಳೆಯ ಯಂತ್ರಗಳ ಡಿಸ್ಕಿಗೆ ಲಿನಕ್ಸ್ ಕೊಡುವ ಹೆಸರು ಎಸ್‌ಡಿಎ. ಹೊಸ ಬಗೆಯ ಎನ್‌ವಿಎಂಇ ಡಿಸ್ಕಿಗೆ ಕೊಡುವ ಹೆಸರು ಬೇರೆ. ಯಾರೋ ಮರೆತು ಬಿಟ್ಟ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ಅದೇ ಮೊದಲ ಡಿಸ್ಕೆಂದು ಲೆಕ್ಕವಾಗಲೂಬಹುದು. ಒಂದು ಯಂತ್ರಕ್ಕೆ ಸರಿಯಾದ ಸ್ಕ್ರಿಪ್ಟ್ ಇನ್ನೊಂದಕ್ಕೆ ತಪ್ಪಾಗುವುದು ಹೀಗೆ. ಪಂಕ್ತಿ ಮಾಡುವಾಗ ಒಂದೇ ಜಾತಿಯ ಯಂತ್ರಗಳನ್ನು ಒಟ್ಟಿಗೆ ಕೂಡಿಸಬೇಕು.

ಮೂರನೆಯದು ವಿನೋದವಾಗಿ ತೋರಿದರೂ ಕಷ್ಟ ಕೊಡುವಂಥದು. ಯಂತ್ರವು ಪ್ರತಿ ಸಲವೂ ಮೊದಲು ಜಾಲವನ್ನೇ ಕೇಳುವಂತೆ ಇಟ್ಟು, ಜಾಲದಲ್ಲಿ ಸ್ಥಾಪನೆಯೇ ಮೊದಲ ಆಯ್ಕೆಯಾಗಿದ್ದರೆ, ಕೆಲಸ ಮುಗಿದು ಮತ್ತೆ ಚಾಲೂ ಆದ ಯಂತ್ರವು ತಾನು ಈಗತಾನೇ ಸಿದ್ಧವಾದದ್ದನ್ನು ಮರೆತು ಮತ್ತೆ ಮೊದಲಿನಿಂದ ಅಳಿಸಿ ಹಾಕಿಕೊಳ್ಳಲು ತೊಡಗುತ್ತದೆ. ರಾತ್ರಿಯೆಲ್ಲ ಬಿಟ್ಟರೆ ರಾತ್ರಿಯೆಲ್ಲ ಅದೇ ಕೆಲಸ. ಆದಕಾರಣ ಮೊದಲ ಆಯ್ಕೆಯು ಯಂತ್ರದ ಸ್ವಂತ ಡಿಸ್ಕೇ ಆಗಿರಬೇಕು. ಸ್ಥಾಪನೆಯನ್ನು ಮನುಷ್ಯನು ಕೈಯಿಂದ ಆರಿಸಿದಾಗ ಮಾತ್ರ ನಡೆಯಬೇಕು. ಆ ಒಂದು ಒತ್ತನ್ನು ಮನುಷ್ಯನಿಗೇ ಉಳಿಸಿದ್ದಾರೆ. ಅದು ಸರಿಯೆಂದು ನಮಗೂ ತೋರುತ್ತದೆ.

ನಾಲ್ಕನೆಯದು ಗುಪ್ತಪದದ ವಿಚಾರ. ಉತ್ತರಕಡತದಲ್ಲಿ ಗುಪ್ತಪದವನ್ನು ಇದ್ದಂತೆಯೇ ಬರೆದರೆ ಜಾಲದಲ್ಲಿರುವ ಯಾರು ಬೇಕಾದರೂ ಓದಬಹುದು. ಮರಳಿ ಬಿಡಿಸಲು ಬಲು ಕಷ್ಟವಾದ ಗೂಢರೂಪಕ್ಕೆ ತಿರುಗಿಸಿ ಬರೆಯುವ ವಿಧಾನವುಂಟು, ಅದನ್ನೇ ಬಳಸಬೇಕು. ಐದನೆಯದಾಗಿ, ಶಾಲೆಯ ಜಾಲದಲ್ಲಿ ಮೊದಲೇ ಒಂದು ಡಿಎಚ್‌ಸಿಪಿ ಸೇವೆ ಇದ್ದರೆ, ಅದನ್ನು ಗಮನಿಸದೆ ಇನ್ನೊಂದನ್ನು ಚಾಲೂ ಮಾಡಬಾರದು. ಒಂದೇ ಮನೆಗೆ ಇಬ್ಬರು ಯಜಮಾನರಾದಂತೆ ಆಗಿ, ಕಚೇರಿಯ ಯಂತ್ರಗಳಿಗೂ ವಿಳಾಸ ತಪ್ಪುತ್ತದೆ. ನಮ್ಮವರು ಪ್ರಯೋಗಶಾಲೆಯ ಜಾಲವನ್ನೇ ಬೇರ್ಪಡಿಸಿಕೊಂಡು ಈ ತೊಡಕನ್ನು ದಾಟಿದರು.

ಈ ಎಲ್ಲ ಕಾರ್ಯಗಳು ನಡೆಯುತ್ತಿರುವಾಗ ನಮ್ಮ ಹಿರಿಯ ಉಪಾಧ್ಯಾಯರೊಬ್ಬರು ಒಂದು ಆಕ್ಷೇಪವನ್ನು ಎತ್ತಿದರು. “ಬುದ್ಧಿ, ಎಲ್ಲವನ್ನೂ ಕಡತವೇ ಮಾಡಿಬಿಟ್ಟರೆ ಮುಂದಿನ ಮಕ್ಕಳು ಕಲಿಯುವುದೇನು? ಈ ಇಬ್ಬರು ಕಲಿತರು, ಒಪ್ಪೋಣ. ಇವರ ಹಿಂದೆ ಬರುವವರು ಗುಂಡಿ ಒತ್ತುವವರಷ್ಟೇ ಆಗುವುದಿಲ್ಲವೇ?” ಎಂದರು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಿಲ್ಲ. ಇದರಲ್ಲಿ ಸತ್ಯವಿದೆ. ಅರ್ಥ ತಿಳಿಯದೆ ಕಂಠಪಾಠ ಮಾಡಿದ ಸೂತ್ರವೂ, ಒಳಗೇನಿದೆಯೆಂದು ಓದದೆ ನಡೆಸಿದ ಸ್ಕ್ರಿಪ್ಟೂ ಒಂದೇ. ನಡೆಯುವಷ್ಟು ದಿನ ನಡೆಯುತ್ತದೆ; ನಿಂತ ದಿನ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಆದುದರಿಂದ ಅವರೊಡನೆ ವಿಚಾರ ಮಾಡಿ ಒಂದು ನಿಯಮ ಮಾಡಿದೆವು. ಗಣಕ ವಿಭಾಗಕ್ಕೆ ಸೇರುವ ಪ್ರತಿ ವಿದ್ಯಾರ್ಥಿಯೂ ಮೊದಲು ಒಂದು ಯಂತ್ರಕ್ಕೆ ತನ್ನ ಕೈಯಿಂದಲೇ, ಒಂದೊಂದು ಪ್ರಶ್ನೆಗೂ ತಾನೇ ಉತ್ತರಿಸಿ ವ್ಯವಸ್ಥೆಯನ್ನು ಹಾಕಬೇಕು. ಆಮೇಲೆ ಉತ್ತರಕಡತವನ್ನು ಕೈಗೆ ಕೊಟ್ಟು, ಯಾವ ಸಾಲು ಯಾವ ಪ್ರಶ್ನೆಗೆ ಉತ್ತರವೆಂದು ಹೇಳಿಸಬೇಕು. ಹಾಗೆ ಹೇಳಬಲ್ಲವನಿಗೆ ಮಾತ್ರ ಅದನ್ನು ನಡೆಸುವ ಅಧಿಕಾರ.

ಇದಕ್ಕೆ ನೆರವಾಗುವ ಒಂದು ಸೌಲಭ್ಯವೂ ಇದೆ. ರೆಡ್ ಹ್ಯಾಟ್ ಜಾತಿಯ ಲಿನಕ್ಸಿನಲ್ಲಿ ಕೈಯಿಂದ ಹಾಕಿ ಮುಗಿಸಿದಾಗ, ನಾವು ಕೊಟ್ಟ ಉತ್ತರಗಳನ್ನೆಲ್ಲ ಕೂಡಿಸಿದ ಕಡತವೊಂದನ್ನು ಆ ಯಂತ್ರವೇ ಬರೆದು ಇಟ್ಟಿರುತ್ತದೆ. ಡೆಬಿಯನ್ನಿನಲ್ಲಿಯೂ ಒಂದು ಆಜ್ಞೆಯಿಂದ ಅವನ್ನು ಹೊರತೆಗೆಯಬಹುದು. ಕೈಕೆಲಸದಿಂದ ಬರಹ ಹುಟ್ಟುವ ದಾರಿ ಇದು. ಮೊದಲು ಮಾಡಿ ತಿಳಿ, ತಿಳಿದದ್ದನ್ನು ಬರೆದಿಡು, ಬರೆದದ್ದನ್ನು ಯಂತ್ರಕ್ಕೆ ಒಪ್ಪಿಸು ಎಂಬ ಕ್ರಮವನ್ನು ಬಿಡದಿದ್ದರೆ ಉಪಾಧ್ಯಾಯರ ಭಯಕ್ಕೆ ಆಸ್ಪದವಿಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ನಮ್ಮ ಮುಂದೆ ಎತ್ತಲಿಲ್ಲ. ನಮ್ಮ ಮನಸ್ಸೇ ಎತ್ತಿತು. ತಾಲ್ಲೂಕಿನಿಂದ ಬರುತ್ತಿದ್ದ ಆ ತಂತ್ರಜ್ಞನ ಅನ್ನದ ಗತಿಯೇನು? ನಮ್ಮ ಅನುಕೂಲವು ಅವನ ನಷ್ಟದ ಮೇಲೆ ನಿಲ್ಲಬಾರದಷ್ಟೆ. ಅವನನ್ನು ಕರೆಸಿ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುದ್ಧಿ, ಫಾರ್ಮ್ಯಾಟ್ ಕೆಲಸಕ್ಕೆ ಬರೋ ದುಡ್ಡು ಕಡಿಮೆ, ಹೋಗೋ ಹೊತ್ತು ಜಾಸ್ತಿ. ಆದ್ರೂ ಬರ್ತಾ ಇತ್ತು” ಎಂದನು. ಆ ಕೊನೆಯ ಎರಡು ಶಬ್ದಗಳು ನಮ್ಮ ಮನಸ್ಸಿನಲ್ಲಿ ಉಳಿದವು. ಪವರ್ ಸಪ್ಲೈ ಸುಟ್ಟರೆ ಬದಲಿಸುವುದು, ಯುಪಿಎಸ್ ಬ್ಯಾಟರಿ ನೋಡುವುದು, ಧೂಳು ತುಂಬಿದ ಫ್ಯಾನ್ ಶುದ್ಧಿಮಾಡುವುದು, ತಂತಿಗಳನ್ನು ಸರಿಪಡಿಸುವುದು ಇವನ್ನು ಯಾವ ಸ್ಕ್ರಿಪ್ಟೂ ಮಾಡಲಾರದು. ಆ ಕೆಲಸಗಳಿಗೆ ವರ್ಷಕ್ಕೆ ಇಷ್ಟೆಂದು ಅವನಿಗೆ ಗೊತ್ತುಪಡಿಸಿದೆವು. ಅಷ್ಟೇ ಅಲ್ಲದೆ ವಿದ್ಯಾರ್ಥಿನಿಯರು ತಾವು ಬರೆದದ್ದನ್ನು ಅವನಿಗೂ ಕಲಿಸಿಕೊಟ್ಟರು. ಈಗ ಅವನು ಅದೇ ಕಡತವನ್ನು ತನಗೆ ಬೇಕಾದಂತೆ ಮಾರ್ಪಡಿಸಿ ಸುತ್ತಲಿನ ಇನ್ನೆರಡು ಶಾಲೆಗಳಲ್ಲಿ ಬಳಸುತ್ತಿದ್ದಾನೆ. ಆದರೂ ಎಲ್ಲ ಊರುಗಳಲ್ಲಿ, ಎಲ್ಲರಿಗೂ ಹೀಗೆ ಅನುಕೂಲವಾಗುವುದೆಂದು ನಾವು ಹೇಳಲಾರೆವು. ಯಂತ್ರವು ಒಬ್ಬನ ಶ್ರಮವನ್ನು ಉಳಿಸಿದಾಗ, ಉಳಿದ ಲಾಭದಲ್ಲಿ ಶ್ರಮ ಕಳೆದುಕೊಂಡವನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಮನುಷ್ಯನೇ ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಉತ್ತರ ಬರೆದಿಟ್ಟ ಕಡತ ಯಾವುದೂ ಇಲ್ಲ.

ಆ ಇಬ್ಬರು ವಿದ್ಯಾರ್ಥಿನಿಯರು ಈಗ ಮುಂದಿನ ಓದಿಗೆ ಬೇರೆ ಊರುಗಳಿಗೆ ಹೋಗಿದ್ದಾರೆ. ಹಿಂದಿನಂತಾಗಿದ್ದರೆ ಅವರೊಡನೆ ಅವರ ತಿಳಿವಳಿಕೆಯೂ ಹೊರಟುಹೋಗುತ್ತಿತ್ತು. ಆದರೆ ಅವರು ಬರೆದ ಕಡತವು ಇಲ್ಲಿದೆ. ಸ್ಕ್ರಿಪ್ಟಿನಲ್ಲಿ ಒಂದು ಚಿಹ್ನೆಯನ್ನು ಮೊದಲಿಗೆ ಹಾಕಿ ಬರೆದ ಸಾಲನ್ನು ಯಂತ್ರವು ಓದದೆ ದಾಟಿಹೋಗುತ್ತದೆ. ಅದು ಮನುಷ್ಯನಿಗಾಗಿ ಬರೆದದ್ದು. ಅಂತಹ ಸಾಲುಗಳನ್ನು ಅವರು ಕನ್ನಡದಲ್ಲಿಯೇ ಬರೆದಿದ್ದಾರೆ. ಈ ಸಾಲು ಏಕಿದೆ, ಇದನ್ನು ತೆಗೆದರೆ ಏನಾಗುತ್ತದೆ, ಹೊಸ ಯಂತ್ರ ಬಂದರೆ ಎಲ್ಲಿ ಬದಲಿಸಬೇಕು ಎಂದು ತಮ್ಮ ಮುಂದಿನವರಿಗೆ ಹೇಳಿದ್ದಾರೆ. ಯಾವ ದಿನ ಯಾವ ಬದಲಾವಣೆಯಾಯಿತೆಂಬ ದಾಖಲೆಯನ್ನು ಗಿಟ್ ಎಂಬ ಸಾಧನದಲ್ಲಿ ಇಟ್ಟಿದ್ದಾರೆ. ಡೆಬಿಯನ್ನಿನ ಹೊಸ ಆವೃತ್ತಿ ಬಂದಾಗ ಈ ಕಡತದ ಕೆಲವು ಸಾಲುಗಳು ಹಳತಾಗುತ್ತವೆ, ಅವನ್ನು ಒಂದು ಯಂತ್ರದ ಮೇಲೆ ಪರೀಕ್ಷಿಸಿ ತಿದ್ದಬೇಕು ಎಂದೂ ಎಚ್ಚರಿಸಿದ್ದಾರೆ. ಈಗಿನ ತಂಡದಲ್ಲಿ ನಾಲ್ವರಿದ್ದಾರೆ. ಕಳೆದ ತಿಂಗಳು ಒಂದು ಯಂತ್ರದ ಡಿಸ್ಕ್ ಕೆಟ್ಟಾಗ ಹೊಸ ಡಿಸ್ಕ್ ಹಾಕಿ, ಅದೇ ಮಧ್ಯಾಹ್ನ ಆ ಯಂತ್ರವನ್ನು ತರಗತಿಗೆ ಒಪ್ಪಿಸಿದರು. ಯಾರನ್ನೂ ಕಾಯಲಿಲ್ಲ.

ನಮ್ಮ ಹಿಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇದೇ ವೃತ್ತಿಯಲ್ಲಿದ್ದೀರಿ. ಸಾವಿರಾರು ಸರ್ವರುಗಳನ್ನು ಇಂತಹ ಸ್ಕ್ರಿಪ್ಟುಗಳಿಂದಲೇ ಎಬ್ಬಿಸಿ ನಿಲ್ಲಿಸುವವರು ನಿಮ್ಮಲ್ಲಿದ್ದಾರೆ. ನಿಮಗೆ ಇದು ದಿನದ ರೊಟ್ಟಿ. ನೀವು ಓದಿದ ಶಾಲೆಗೆ ಇದು ಬಾಗಿಲಿನ ಕೀಲಿಕೈ. ಹಳೆಯ ಯಂತ್ರಗಳನ್ನು ಕಳಿಸಿಕೊಡುವಾಗ ಜೊತೆಗೆ ನಿಮ್ಮ ರಜೆಯ ಎರಡು ದಿನಗಳನ್ನೂ ಕೊಡಿ. ಬಂದು ಮಾಡಿಕೊಟ್ಟು ಹೋಗಬೇಡಿ. ಮಕ್ಕಳ ಪಕ್ಕದಲ್ಲಿ ಕುಳಿತು ಅವರ ಕೈಯಿಂದ ಬರೆಯಿಸಿ. ಮಾಡಿಕೊಟ್ಟದ್ದು ಒಂದು ವರ್ಷ ಬಾಳುತ್ತದೆ. ಬರೆಯಿಸಿದ್ದು ಅವರೊಡನೆ ಬೆಳೆಯುತ್ತದೆ.

ಇತರ ಓದುಗರಲ್ಲಿಯೂ ಒಂದು ವಿನಂತಿ. ತಮ್ಮ ತಮ್ಮ ಮನೆ, ಹೊಲ, ಅಂಗಡಿ, ಕಚೇರಿಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಉಳಿದಿರುವ ತಿಳಿವಳಿಕೆ ಯಾವುದೆಂದು ಒಮ್ಮೆ ಯೋಚಿಸಿರಿ. ಪಂಪ್‌ಸೆಟ್ಟಿನ ಸ್ಟಾರ್ಟರು ಹೀಗೆ ಮಾಡಿದರೆ ಮಾತ್ರ ಹಿಡಿಯುತ್ತದೆ ಎಂಬುದು, ಸೊಸೈಟಿಯ ಲೆಕ್ಕವನ್ನು ಮುಗಿಸುವ ಕ್ರಮ, ಅಜ್ಜಿಯ ಔಷಧಿಯ ಹೊತ್ತು ಮತ್ತು ಪ್ರಮಾಣ. ಅದನ್ನು ಬಲ್ಲವರು ಇರುವಾಗಲೇ, ಇನ್ನೊಬ್ಬರು ಓದಿ ನಡೆಸಬಲ್ಲ ಹಾಗೆ, ಏಕೆಂಬ ಕಾರಣದೊಡನೆ ಬರೆದಿಡಿರಿ. ಬರೆದದ್ದನ್ನು ಬೇರೊಬ್ಬರ ಕೈಯಿಂದ ಒಮ್ಮೆ ಮಾಡಿಸಿ ನೋಡಿರಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಂದು ಸಾಲು ಸೇರಿಸಿರಿ. ಹಾಗೆ ಉಳಿಸಿದ ಹೊತ್ತನ್ನು, ಮಾಡಿದಷ್ಟೂ ನಮ್ಮನ್ನು ಬೆಳೆಸುವ ಆ ಮೊದಲ ಬಗೆಯ ಕೆಲಸಕ್ಕೆ ಮೀಸಲಿಡುವ ಬುದ್ಧಿ ಎಲ್ಲರಿಗೂ ಬರಲೆಂದು ಹಾರೈಸುತ್ತೇವೆ.